ತಪ್ಪಲೆಯ ತಳದ ಮಣ್ಣು

ತಿಗನಾರೆ ಶಾಲೆಯ ಎಂಬತ್ತು ಮಕ್ಕಳಿಗೆ ಹದಿನಾಲ್ಕು ವರ್ಷದಿಂದ ಮಧ್ಯಾಹ್ನದ ಊಟ ಬೇಯಿಸುತ್ತಿದ್ದವಳು ಚೌಡಮ್ಮ. ಅವಳ ಅಜ್ಜ, ಅಪ್ಪ, ಗಂಡ ಜವರ, ಎಲ್ಲರೂ ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡಿದವರೇ. ಆ ಮನೆತನದಲ್ಲಿ ಸರ್ಕಾರದ ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದ ಮೊದಲನೆಯವಳು ಅವಳು. ಅದರ ಹೆಮ್ಮೆ ಅವಳಿಗಿತ್ತು, ಇರಬೇಕಾದದ್ದೇ. ಆದರೆ ಹೆಮ್ಮೆಯಿಂದ ಒಲೆ ಉರಿಯುವುದಿಲ್ಲವಲ್ಲ. ಬೆಳಗಾದರೆ ಕಾಡಂಚಿಗೆ ಹೋಗಿ ಸೌದೆ ಹೊರೆ ತರಬೇಕು, ಆನೆ ಕಂಡರೆ ಹೊರೆ ಬಿಸಾಕಿ ಓಡಬೇಕು, ಓಡಿ ಬಂದು ಹೊಗೆಯಲ್ಲಿ ಕೂರಬೇಕು. ನಲವತ್ತೈದಕ್ಕೇ ಅವಳ ಕಣ್ಣುಗಳು ಸದಾ ಕೆಂಪಗಿರುತ್ತಿದ್ದವು.

ಎರಡು ಸಾವಿರದ ಎಂಟರಲ್ಲಿ ಶಾಲೆಗೆ ಗ್ಯಾಸ್ ಒಲೆ ಬರುತ್ತದೆ ಎಂದಾಗ ಖುಷಿಪಡಬೇಕಾದವಳು ಊಟ ಬಿಟ್ಟು ಕೂತಳು. ಒಲೆ ಹಚ್ಚಲು ಬಾರದವರನ್ನು ತೆಗೆದು ಓದಿದವರನ್ನು ಹಾಕುತ್ತಾರಂತೆ ಎಂದು ಊರಲ್ಲಿ ಮಾತೆದ್ದಿತ್ತು. ಹೇಳಿದವರು ಯಾರು ಎಂದು ಕೇಳಿದರೆ ಯಾರೂ ಇಲ್ಲ. ಇಂಥ ಮಾತಿಗೆ ಅಪ್ಪ ಅಮ್ಮ ಇರುವುದಿಲ್ಲ, ಕಾಲುಗಳು ಮಾತ್ರ ಇರುತ್ತವೆ.

ತಾಳವಾಡಿಯ ಪಂಚಾಯತ್ ಯೂನಿಯನ್ ಆಫೀಸಿನಲ್ಲಿ ಅಡುಗೆಯವರಿಗೆಲ್ಲ ಎರಡು ದಿನದ ತರಬೇತಿ ನಡೆಯಿತು. ಕಲಿಸಲು ಬಂದವಳು ಆಫೀಸರಲ್ಲ, ದೊಡ್ಡಗಾಜನೂರು ಶಾಲೆಯ ಅಡುಗೆಯವಳು ಪುಟ್ಟನಂಜಮ್ಮ. ಅವಳ ಶಾಲೆಗೆ ಒಲೆ ವರ್ಷದ ಹಿಂದೆಯೇ ಬಂದಿತ್ತು. ಮೊದಲ ದಿನವೆಲ್ಲ ಚೌಡಮ್ಮ ಹಿಂದಿನ ಸಾಲಿನಲ್ಲಿ ಸೆರಗು ಕಚ್ಚಿಕೊಂಡು ನಿಂತಳು. ಎರಡನೆಯ ದಿನ ಪುಟ್ಟನಂಜಮ್ಮ ನೇರ ಅವಳ ಬಳಿಗೆ ಬಂದು, ಕೈ ಹಿಡಿದು ಕರೆದೊಯ್ದು, ಆ ಕೈಯನ್ನು ಒಲೆಯ ತಿರುಪಿನ ಮೇಲಿಟ್ಟಳು.

"ಎದ್ರಬ್ಯಾಡ ಕಣವ್ವ. ಒಲೆ ಏನಾರ ಎಡವಟ್ಟು ಮಾಡುದ್ರೆ ಮೊದ್ಲು ಸಿಲಿಂಡರ್ ಮುಚ್ಚು. ಯೋಚ್ನೆ ಆಮ್ಯಾಕೆ ಮಾಡು."

ಒಲೆ ಹತ್ತಿತು. ನೀಲಿ ಬೆಂಕಿಯನ್ನು ಚೌಡಮ್ಮ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಶಾಲೆಯಲ್ಲಿ ಒಲೆ ಹಚ್ಚುವ ದಿನ ತಲೆಗೆ ನೀರು ಹಾಕಿಕೊಂಡು ಬಂದಳು. ಒಲೆಗೆ ಅರಿಶಿನ ಕುಂಕುಮವಿಟ್ಟು ಕೈಮುಗಿದಳು. ಆಮೇಲೆ ಹದಿನಾಲ್ಕು ವರ್ಷ ಮಾಡಿದ್ದನ್ನೇ ಮಾಡಿದಳು. ಮಸಿ ಹಿಡಿಯದಿರಲೆಂದು ಮಣ್ಣು ಬೂದಿ ಕಲಸಿ ತಪ್ಪಲೆಯ ತಳಕ್ಕೆ ದಪ್ಪಗೆ ಮೆತ್ತಿದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕೈಗೆ ಹತ್ತಿದ ರೂಢಿಯೂ ಅಷ್ಟೆ. ಅನ್ನದ ನೀರು ಮರಳುವ ಹೊತ್ತಿಗೆ ನೀಲಿ ಬೆಂಕಿ ಹಳದಿಯಾಯಿತು, ಒಂದು ಪಕ್ಕ ಆರಿಯೇ ಹೋಯಿತು, ಗ್ಯಾಸ್ ವಾಸನೆ ಎದ್ದಿತು.

ಚೌಡಮ್ಮ ಮೊದಲು ಸಿಲಿಂಡರ್ ಮುಚ್ಚಿದಳು. ಬಾಗಿಲು ಕಿಟಕಿ ತೆರೆದಳು. ಊಟದ ಉಸ್ತುವಾರಿ ಪರಿಮಳ ಮೇಡಂ ಒಳಗೆ ಬರುತ್ತಿದ್ದರೆ, "ಆಚ್ಗೆ ಓಗಿ ಮೇಡಂ, ಕೂಸ್ಗಳ್ನೂ ಈ ಕಡೀಕೆ ಬುಡ್ಬ್ಯಾಡಿ!" ಎಂದು ಕೂಗಿದಳು.

ಊಟದ ಗಂಟೆಗೆ ಇನ್ನೊಂದು ಗಂಟೆ ಉಳಿದಿತ್ತು. ಹಿತ್ತಲಲ್ಲಿ ಹಳೆಯ ಸೌದೆ ಇತ್ತು. ಅದನ್ನು ಮುಟ್ಟಿದರೆ ತನಗೆ ಗ್ಯಾಸ್ ಒಲೆ ಹಚ್ಚಲು ಬಾರದು ಎಂದು ತಾನೇ ಒಪ್ಪಿಕೊಂಡಂತೆ, ಕೆಲಸ ಕೈಬಿಟ್ಟಂತೆ. ಮುಟ್ಟದಿದ್ದರೆ ಮಕ್ಕಳು ಹಸಿದಿರಬೇಕು. ಬೆಳಗ್ಗೆ ಏನೂ ತಿನ್ನದೆ ಬರುವವರು ಯಾರು ಯಾರು ಎಂದು ಅವಳಿಗೆ ಗೊತ್ತಿತ್ತು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಸೌದೆ ಹಚ್ಚಿದಳು. ಊಟ ಕಾಲು ಗಂಟೆ ತಡವಾಯಿತು. ಎಲ್ಲರಿಗೂ ಬಡಿಸಿದ ಮೇಲೆ ಮುಸುರೆ ಪಾತ್ರೆಗಳ ನಡುವೆ ಕೂತು ಅತ್ತಳು. ಪರಿಮಳ ಆಫೀಸಿಗೆ ಬರೆಯಲೇಬೇಕಿತ್ತು, ಬರೆದಳು. ಪುಟ್ಟನಂಜಮ್ಮನಿಗೂ ಹೇಳಿ ಕಳಿಸಿದಳು.

ಮರುದಿನ ಮೊದಲ ಬಸ್ಸಿಗೇ ಪುಟ್ಟನಂಜಮ್ಮ ಬಂದಳು. ಏನನ್ನೂ ಕೇಳದೆ ಬರ್ನರ್ ಎತ್ತಿ ಅಂಗೈ ಮೇಲೆ ತಟ್ಟಿದಳು. ಬೂದಿ ಬಣ್ಣದ ಒಣ ಮಣ್ಣು ಉದುರಿತು. ಬಿಸಿಗೆ ಬಿರಿದು ಬಿದ್ದ ಮಣ್ಣು ಬೆಂಕಿಯ ತೂತುಗಳನ್ನೆಲ್ಲ ಮುಚ್ಚಿತ್ತು. ಚೌಡಮ್ಮ ನೆಲ ನೋಡಿದಳು.

"ತಪ್ಪು ನಂದು ಮೇಡಂ," ಎಂದಳು ಪುಟ್ಟನಂಜಮ್ಮ, ಪರಿಮಳಳ ಕಡೆ ತಿರುಗಿ. "ಮೊದ್ಲ ವಾರ ನಾನೂ ಇಂಗೇ ಮಣ್ಣು ಮೆತ್ತಿ ಒಲೆ ಕೆಡಿಸ್ದೆ. ನಾಚ್ಕೆ ಆಗಿ ಯಾರ್ಗೂ ಏಳ್ನಿಲ್ಲ. ತರಬೇತೀಲಿ ಬಾಯ್ಬುಟ್ಟಿದ್ರೆ ಈ ತಾಯಿ ಅಳ್ತಿರ್ನಿಲ್ಲ."

ಕಲಿಸಲು ಬಂದವರು ಹೀಗೆ ಒಪ್ಪಿಕೊಳ್ಳುವುದು ನಮ್ಮ ಕಡೆ ಮಳೆಗಿಂತ ಅಪರೂಪ. ಇಬ್ಬರೂ ಪಕ್ಕಪಕ್ಕ ಕೂತು ಪಿನ್ನಿನಿಂದ ಒಂದೊಂದೇ ತೂತು ಬಿಡಿಸಿದರು. ಆವತ್ತಿನ ಅನ್ನ ಹೊತ್ತಿಗೆ ಸರಿಯಾಗಿ ಬೆಂದಿತು.

ಹದಿನೈದು ದಿನಕ್ಕೆ ಆಫೀಸಿನಿಂದ ಕಾಗದ ಬಂತು. ಚೌಡಮ್ಮ ಬಾಗಿಲು ಹಿಡಿದು ನಿಂತಳು, ಪರಿಮಳ ಓದಿದಳು. ಒಲೆ ಕೆಟ್ಟಾಗ ಸಿಲಿಂಡರ್ ಮುಚ್ಚಿ, ಎಲ್ಲರನ್ನೂ ಕಾಪಾಡಿ, ಮಕ್ಕಳನ್ನು ಹಸಿದಿರಲು ಬಿಡದ ಅಡುಗೆಯವರು ಮುಂದಿನ ತರಬೇತಿಗೆ ಪುಟ್ಟನಂಜಮ್ಮನ ಜೊತೆ ಕಲಿಸಲು ಬರಬೇಕು ಎಂದಿತ್ತು.

"ನನ್ನ ಕೆಲ್ಸದಿಂದ ತೆಗ್ದಿಲ್ವ ಮೇಡಂ?"

"ನಾನು ನಡೆದದ್ದನ್ನ ನಡೆದಂಗೆ ಬರ್ದಿದ್ದೆ ಅಷ್ಟೆ ಚೌಡಮ್ಮ."

ಚೌಡಮ್ಮ ಪರಿಮಳಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ತಾಳವಾಡಿಗೆ ಅವಳು ಮಣ್ಣು ಮೆತ್ತಿದ ತಪ್ಪಲೆಯನ್ನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು. ಮೂವತ್ತು ಜನ ಅಡುಗೆಯವರ ಮುಂದೆ ಅದನ್ನು ಬೋರಲು ಹಾಕಿ, "ಮೊದ್ಲು ನಾನ್ ಮಾಡಿದ್ ತಪ್ಪ ನೋಡ್ಕಳಿ," ಎಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಹಿಂದಿನ ಸಾಲಿನಲ್ಲಿ ಗೆಟ್ಟವಾಡಿಯ ಪುಟ್ಟಮಲ್ಲಮ್ಮ ಮಾತ್ರ ಸೆರಗು ಕಚ್ಚಿಕೊಂಡು ನಿಂತಿದ್ದಳು. ಚೌಡಮ್ಮ ಹೋಗಿ ಅವಳ ಕೈ ಹಿಡಿದು ತಂದು ಒಲೆಯ ತಿರುಪಿನ ಮೇಲಿಟ್ಟಳು.

"ಎದ್ರಬ್ಯಾಡ ಕಣವ್ವ," ಎಂದಳು. "ಅಗಾ, ಆ ಪುಟ್ನಂಜಕ್ಕ ನನ್ ಕೈಯ್ಯ ಇಂಗೇ ಇಡ್ಕಂಡಿದ್ಲು. ಅದ್ಕೇ ಇವತ್ತು ಇಲ್ಲಿ ನಿಂತಿವ್ನಿ."