ಯಾರೂ ಎತ್ತಿಕೊಳ್ಳದ ತಾಂಬೂಲ

ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ವೀಳ್ಯದೆಲೆ ಮಾರನೆಯ ದಿನಕ್ಕೆ ಒಂದು ವಾಸನೆ ಬಿಡುತ್ತದೆ. ಬಾಡಿದ್ದಲ್ಲ, ಹಸಿಯೂ ಅಲ್ಲ, ಮೂಗಿನ ತುದಿಗೆ ಸ್ವಲ್ಪ ಖಾರ ತಾಗಿದ ಹಾಗೆ. ಇವತ್ತು ಬೆಳಿಗ್ಗೆ ಹಾಲು ಕಾಯಿಸಲು ಅಡುಗೆಮನೆಗೆ ಹೋದವಳು ಆ ವಾಸನೆಗೆ ಒಲೆ ಹಚ್ಚುವುದನ್ನು ಬಿಟ್ಟು ನಿಂತೆ. ಎದುರುಮನೆ ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತು "ಮಜ್ಜಿಗೆ ಐತೇನೆ?" ಎಂದು ಕೇಳಿದಂತಾಯಿತು…

ಚನ್ನರಾಯಪಟ್ಟಣದಿಂದ ಫೋನು ಮಾಡಿದಾಗಲೆಲ್ಲ ನೀವು ಕೇಳುತ್ತೀರಿ, ಅಜ್ಜಿ, ಬಸ್ಸು ಹತ್ತಿದರೆ ಬಂದುಬಿಡಬಹುದು, ಯಾಕೆ ನಮ್ಮ ಜೊತೆ ಬಂದು ಇರುವುದಿಲ್ಲ ಎಂದು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಅರಕಲಗೂಡು ಕಡೆಯ ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದರಲ್ಲೇ ಬರೆಯುತ್ತೇನೆ, ಓದಿಕೊಳ್ಳಿ.

ಹಾಸನದ ಈ ಬಡಾವಣೆಗೆ ನಾವು ಮನೆ ಕಟ್ಟಿಕೊಂಡು ಬಂದಾಗ ನಾಲ್ಕು ಬೀದಿಗೂ ಒಂದೊಂದು ಸಂಘವಿತ್ತು. ಕೊಳವೆಬಾವಿ ಮಾತ್ರ ಎಲ್ಲರಿಗೂ ಸೇರಿ ಒಂದೇ. ಜಗಳ ಜಾಸ್ತಿಯಾದ ಮೇಲೆ ನಾಲ್ಕೂ ಸಂಘಗಳು ಕೂಡಿ ಒಂದು ಒಕ್ಕೂಟ ಮಾಡಿಕೊಂಡವು. ಬೀದಿದೀಪ, ಚರಂಡಿ, ಕಸದ ಗಾಡಿ ಎಲ್ಲವನ್ನೂ ಅದು ನೋಡಿಕೊಳ್ಳುತ್ತಿತ್ತು. ಆದರೆ ಅದರ ಜೀವವಿದ್ದದ್ದು ನೀರಿನಲ್ಲಿ. ಒಂದು ಬೀದಿಯ ವಾಲ್ವು ಮುಚ್ಚಿ ಇನ್ನೊಂದು ಬೀದಿಯದನ್ನು ತಿರುಗಿಸಲು ಎದೆಯೆತ್ತರದ ಕಬ್ಬಿಣದ ರಾಡು ಒಂದಿದೆ. ಆ ರಾಡು ಯಾರ ಮನೆಯಲ್ಲಿರುತ್ತದೋ ಅವರೇ ಅಧ್ಯಕ್ಷರು. ಮೊದಲು ನೀರು ಬಿಡಲು ಕೂಲಿಗೆ ಒಬ್ಬನನ್ನು ಇಟ್ಟಿದ್ದರು. ಯಾವ ಬೀದಿಯವರು ಕಾಫಿ ಕೊಡುತ್ತಾರೋ ಆ ಬೀದಿಗೆ ನೀರು ಜಾಸ್ತಿ ಬಿಡುತ್ತಾನೆ ಎಂದು ಗಲಾಟೆಯಾಗಿ ಅವನು ರಾಡನ್ನು ರಸ್ತೆಯ ಮೇಲೆ ಎಸೆದು ಹೋದ. ಅದನ್ನು ಎತ್ತಿ ತಂದು ತನ್ನ ಬಾಗಿಲ ಹಿಂದೆ ಇಟ್ಟುಕೊಂಡವಳು ಎದುರುಮನೆ ಅಕ್ಕ.

ಅಕ್ಕ ಮದುವೆಯಾಗಿರಲಿಲ್ಲ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾಗಿದ್ದಳು. ಮಕ್ಕಳಿಗೆ ಗಂಜಿ ಹಂಚಿ ಹಂಚಿ ಅವಳ ಕೈಗೆ ಸಮನಾಗಿ ಹಂಚುವುದು ಬಂದುಬಿಟ್ಟಿತ್ತು. ಯಾರ ಮನೆಯಲ್ಲೂ ಒಂದು ಲೋಟ ಕಾಫಿ ಕುಡಿಯುತ್ತಿರಲಿಲ್ಲ. ಒಂದು ಬೀದಿಯವರ ಮದುವೆಗೆ ಹೋದರೆ ಇನ್ನೊಂದು ಬೀದಿಯವರು ಮುಖ ತಿರುಗಿಸುತ್ತಾರೆಂದು ಮದುವೆ, ನಾಮಕರಣಗಳನ್ನೆಲ್ಲ ಬಿಟ್ಟಳು. ನನ್ನ ಮನೆಗೆ ಮಾತ್ರ ಬರುತ್ತಿದ್ದಳು, ಅದೂ ಹಿತ್ತಲಿನಿಂದ. ಮಜ್ಜಿಗೆ ಕುಡಿದು, ಸೆರಗಿನಲ್ಲಿ ಬಾಯಿ ಚೆನ್ನಾಗಿ ಒರೆಸಿಕೊಂಡು ಹೋಗುತ್ತಿದ್ದಳು, ತುಟಿಯ ಮೇಲೆ ಗುರುತು ಉಳಿದರೆ ಯಾರಾದರೂ ಕೇಳುತ್ತಾರೆಂದು.

ನಿಮ್ಮ ತಾತ ಹೋದ ಮೇಲೆ ಒಕ್ಕೂಟದಲ್ಲಿ ಅವರ ಜಾಗಕ್ಕೆ ನನ್ನನ್ನು ಕೂರಿಸಿದರು. ಗಣಪತಿ ಗುಡಿಯ ಹಜಾರದಲ್ಲಿ ಸಭೆ. ನಾನು ಕಂಬದ ಪಕ್ಕ ಕೂರುತ್ತಿದ್ದೆ, ಎಲ್ಲರೂ ಎದ್ದಾಗ ಏಳುತ್ತಿದ್ದೆ.

ಅಧ್ಯಕ್ಷರನ್ನು ಬದಲಾಯಿಸಲು ಒಕ್ಕೂಟದಲ್ಲಿ ಒಂದು ಪದ್ಧತಿ ಇತ್ತು, ಈಗಲೂ ಇದೆ. ಕೈ ಎತ್ತಿಸಿದರೆ ಬೀದಿ ಬೀದಿಗೆ ಮನಸ್ತಾಪವಾಗುತ್ತದೆಂದು ಹಿರಿಯರು ಮಾಡಿದ್ದು. ವರ್ಷಕ್ಕೊಮ್ಮೆ ಅಧ್ಯಕ್ಷರು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಎಲ್ಲರ ಮುಂದೆ ಹಿಡಿಯುತ್ತಾ ಬರಬೇಕು. ಯಾರು ತಾಂಬೂಲ ಎತ್ತಿಕೊಳ್ಳುತ್ತಾರೋ ರಾಡು ಅವರ ಮನೆಗೆ. ಯಾರೂ ಎತ್ತಿಕೊಳ್ಳದಿದ್ದರೆ ತಟ್ಟೆ ತಂದವರೇ ಮುಂದುವರಿಯಬೇಕು.

ಅಕ್ಕ ತಟ್ಟೆ ಹಿಡಿದು ಬಂದರೆ ಕೈಗಳೆಲ್ಲ ಬೆನ್ನ ಹಿಂದೆ ಹೋಗುತ್ತಿದ್ದವು. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಸೊಸೆಯ ಬಾಣಂತನ. ನನ್ನ ಮುಂದೆ ಅವಳು ತಟ್ಟೆ ಹಿಡಿಯುತ್ತಲೇ ಇರಲಿಲ್ಲ, ಕಂಬ ಬಳಸಿಕೊಂಡು ಮುಂದಿನವರ ಹತ್ತಿರ ಹೋಗಿಬಿಡುತ್ತಿದ್ದಳು. ಗಂಡ ಇಲ್ಲದವಳಿಗೆ ತಾಂಬೂಲ ಕೊಡಬಾರದಲ್ಲ, ಅದಕ್ಕೇ ಎಂದುಕೊಂಡಿದ್ದೆ. ಅಕ್ಕನೂ ಹಾಗೆ ನೋಡುತ್ತಾಳಲ್ಲ ಎಂದು ಒಳಗೊಳಗೇ ನೊಂದುಕೊಂಡಿದ್ದೆ…

ಒಂದು ವರ್ಷ ಹಳ್ಳಿಮೈಸೂರಿನಲ್ಲಿದ್ದ ಅವಳ ತಂಗಿಗೆ ಲಕ್ವ ಹೊಡೆಯಿತು. ತಂಗಿಯ ಗಂಡ ಯಾವತ್ತೋ ತೀರಿಹೋಗಿದ್ದ. ಮಗಳು ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೋದರೆ ಸಂಜೆಯವರೆಗೆ ಬಾಯಿಗೆ ನೀರು ಬಿಡುವವರಿಲ್ಲ. ಅಕ್ಕ ಬೆಳಿಗ್ಗೆ ಎರಡು ಬೀದಿಗೆ ನೀರು ಬಿಟ್ಟು, ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ ಹೋಗಿ, ತಂಗಿಗೆ ಒಂದು ತುತ್ತು ತಿನ್ನಿಸಿ, ಸಂಜೆ ಉಳಿದ ಎರಡು ಬೀದಿಗೆ ನೀರು ಬಿಡಲು ಓಡಿ ಬರುತ್ತಿದ್ದಳು. ಒಂದು ದಿನ ಬಸ್ಸು ಕೆಟ್ಟು ತಡವಾಯಿತು. ಕೆಳಗಿನ ಬೀದಿಯವರು ಖಾಲಿ ಬಿಂದಿಗೆಗಳನ್ನು ಅವಳ ಗೇಟಿನ ಮುಂದೆ ಸಾಲಾಗಿ ಇಟ್ಟು ಹೋಗಿದ್ದರು. ಯಾರೂ ಬೈದಿರಲಿಲ್ಲ. ಅವಳು ಆ ಬಿಂದಿಗೆಗಳನ್ನು ಸರಿಸಿ ಗೇಟು ತೆಗೆಯಲಾರದೆ ಬೀದಿಯಲ್ಲೇ ನಿಂತಿದ್ದಳು.

ಆ ವರ್ಷದ ಸಭೆಯಲ್ಲಿ ಅವಳು ತಟ್ಟೆ ಎತ್ತುವ ಮೊದಲೇ ಕೇಳಿಕೊಂಡಳು. "ನನ್ನ ತಂಗಿ ಮಲಗಿದ್ ತಾವೇ ಅವಳೆ. ಯಾರಾದ್ರೂ ಒಬ್ರು ತಗಳಿ. ನಾನು ಅಲ್ಲೋಗಿ ಇರ್ಬೇಕು."

ಕೆಳಗಿನ ಬೀದಿಯ ಯಜಮಾನರು ನಕ್ಕರು. "ನಮ್ಮುಡುಗ್ರು ತಗಂಡ್ರೆ ಮೇಲಿನ ಬೀದಿಯೋರು ಒಪ್ತಾರೇನಮ್ಮ? ನಿಂಗಾದ್ರೆ ಗಂಡ ಮಕ್ಕಳ ರಗಳೆ ಇಲ್ಲ, ಯಾರ ಕಡೆಗೂ ಇಲ್ಲ. ನಿನ್ ಬಿಟ್ರೆ ನಾವು ನಾವೇ ಒಡದಾಡ್ಕಂಡು ಸಾಯ್ತೀವಿ ಅಷ್ಟೆ."

"ತಂಗೀನ ಇಲ್ಲಿಗೇ ಕರ್ಕಂಬಂದ್ಬುಡಿ" ಎಂದು ಇನ್ಯಾರೋ ಅಂದರು.

"ಮಂಚದ ಸಮೇತ ಬಸ್ಸಿಗೆ ಹತ್ತಿಸ್ಲಾ?" ಎಂದಳು ಅಕ್ಕ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ತಟ್ಟೆ ಹೊರಟಿತು. ಎಲ್ಲರೂ ಒಳ್ಳೆಯವರೇ. ಹಬ್ಬಕ್ಕೆ ಅವಳಿಗೆ ಸೀರೆ ಕೊಟ್ಟವರು, ಜ್ವರ ಬಂದರೆ ಗಂಜಿ ತಂದವರು. ಆದರೂ ಒಂದು ಕೈಯೂ ಮುಂದೆ ಬರಲಿಲ್ಲ. ತಟ್ಟೆ ಕಂಬದ ಹತ್ತಿರ ಬಂತು. ಎಂದಿನಂತೆ ಅಕ್ಕ ಕಂಬ ಬಳಸಿಕೊಂಡು ಹೊರಟಳು. ಅವಳ ಸೀರೆಯ ಅಂಚು ನನ್ನ ಮೊಣಕಾಲಿಗೆ ತಗುಲಿತು. ನನಗೆ ಧೈರ್ಯ ಎಲ್ಲಿಂದ ಬಂತೋ… ಕೈ ನೀಡಿ ತಟ್ಟೆಯಲ್ಲಿದ್ದ ತಾಂಬೂಲ ಎತ್ತಿಕೊಂಡುಬಿಟ್ಟೆ.

ಹಜಾರದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ಯಜಮಾನರು ತೀರ ಮೆಲ್ಲಗೆ, "ನೀವು ತಗಬಾರ್ದಲ್ವಮ್ಮ" ಎಂದರು.

"ಅವ್ಳು ತಗಂಡ್ರೆ ನೀರು ನಿಂತೋಯ್ತದಾ?" ಎಂದಳು ಅಕ್ಕ. ಅವಳ ಧ್ವನಿ ನಡುಗುತ್ತಿತ್ತು. ಸಂತೋಷಕ್ಕೆ ಎಂದು ನಾನು ತಿಳಿದೆ.

ಸಂಜೆ ಹಿತ್ತಲ ಬಾಗಿಲಿಗೆ ಬಂದಳು, ಕೈಯಲ್ಲಿ ರಾಡು. ಮಜ್ಜಿಗೆ ಕೊಟ್ಟರೆ ಕುಡಿಯಲಿಲ್ಲ. "ನಿಂಗೆ ತಟ್ಟೆ ಹಿಡೀದೆ ಓಯ್ತಿದ್ದೆ, ಯಾಕೆ ಅಂತ ಗೊತ್ತೇನೆ?" ಎಂದಳು. ನಾನು ತಲೆ ತಗ್ಗಿಸಿದೆ. "ಗಂಡ ಇಲ್ಲ ಅಂತ ಅಲ್ಲ ಕಣೆ. ಹಿಡುದ್ರೆ ನೀನು ತಗಂಡ್ಬುಡ್ತೀಯ ಅಂತ ಗೊತ್ತಿತ್ತು. ನಿಂಗೆ ಮಗ್ಳವ್ಳೆ, ಮೊಮ್ಮಕ್ಕಳವ್ರೆ, ಓಡಾಡ್ಕಂಡಿರ್ಲಿ ಅಂತ… ನಿನ್ನ ಕೂಡಾಕ್ಬುಟ್ಟೆ ಕಣವ್ವ ನಾನು." ರಾಡನ್ನು ನನ್ನ ಬಾಗಿಲ ಹಿಂದೆ ಒರಗಿಸಿದಳು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದಳು.

ಹೋದವಳಿಗೂ ಬಿಡುಗಡೆ ಸಿಗಲಿಲ್ಲವೇನೋ. ನೀರಿನ ಹೊತ್ತಿಗೆ ಸರಿಯಾಗಿ ಫೋನು ಮಾಡುತ್ತಿದ್ದಳು. "ಕೆಳಗಿನ ಬೀದೀಗೆ ಬುಟ್ಟಾ? ಮೂಲೆ ವಾಲ್ವು ಜಾಸ್ತಿ ತಿರುಗಿಸ್ಬ್ಯಾಡ, ಕಚ್ಕತದೆ." ತಂಗಿ ಸ್ವಲ್ಪ ಸ್ವಲ್ಪ ಎದ್ದು ಕೂರುತ್ತಿದ್ದಾಳೆ ಎಂದು ಒಂದು ದಿನ ಬಹಳ ಹೊತ್ತು ಮಾತಾಡಿದಳು. ಕೊನೆಗೆ ಹೋದವಳು ತಂಗಿಯಲ್ಲ, ಅಕ್ಕ. ಸಂತೆಯಿಂದ ಬಂದು ಚೀಲ ಇಳಿಸಿ ಕೂತವಳು ಏಳಲಿಲ್ಲವಂತೆ. ತಂಗಿಯ ಮಗಳು ಬೆಳಿಗ್ಗೆ ಫೋನು ಮಾಡಿದಳು. ಆ ಹೊತ್ತಿಗೆ ಪಂಪು ಓಡುತ್ತಿತ್ತು. ಒಂದು ದಿನದ ಮಟ್ಟಿಗೆ ರಾಡು ಇಟ್ಟುಕೊಳ್ಳಿ ಎಂದು ಬಾಗಿಲು ಬಾಗಿಲಿಗೆ ಹೋದೆ. ಎಲ್ಲರೂ ಕಣ್ಣೀರು ಹಾಕಿದರು, "ಎಂಥಾ ಪ್ರೆಸಿಡೆಂಟಮ್ಮ" ಎಂದರು. ರಾಡು ಮಾತ್ರ ಯಾರೂ ಮುಟ್ಟಲಿಲ್ಲ. ಬೆಳಗಿನ ನೀರು ಬಿಟ್ಟು ಮುಗಿಸಿ ಹೊರಟೆ. ಹಳ್ಳಿಮೈಸೂರಿನಲ್ಲಿ ಬಸ್ಸು ಇಳಿಯುವ ಹೊತ್ತಿಗೆ ಮಣ್ಣು ಮಾಡಿ ಬಂದು ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದರು. ಅವಳ ಮುಖ ನೋಡಲಾಗಲಿಲ್ಲ. ಸಂಜೆಯ ನೀರಿಗೆ ವಾಪಸು ಬಂದೆ…

ನಿನ್ನೆ ವರ್ಷದ ಸಭೆ ಇತ್ತು. ತಟ್ಟೆ ಹಿಡಿದುಕೊಂಡು ಸುತ್ತಿದೆ. ಕೈಗಳು ಬೆನ್ನ ಹಿಂದೆ ಹೋದವು. ಈ ರಜೆಗಾದರೂ ನಿಮ್ಮ ಮನೆಗೆ ಬಂದು ನಿಲ್ಲಬೇಕು ಎಂದು ಮನಸ್ಸು ಮಾಡಿಯೇ ಹೋಗಿದ್ದೆ, ಒಳ್ಳೆಯ ಚಿಗುರೆಲೆ ಆರಿಸಿ ತಂದಿದ್ದೆ. ಮೇಲಿನ ಬೀದಿಯಿಂದ ಈ ಸಲ ಒಬ್ಬ ಹೊಸ ಸೊಸೆಯನ್ನು ಕಳಿಸಿದ್ದರು. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ನಾನು ಕೂರುತ್ತಿದ್ದ ಕಂಬದ ಪಕ್ಕದಲ್ಲೇ ಕೂತಿದ್ದಳು. ನನ್ನ ಮುಖವನ್ನೇ ನೋಡುತ್ತಿದ್ದಳು. ಹತ್ತಿರ ಹೋದಾಗ, ಮಗುವಿನ ಬೆನ್ನ ಮೇಲಿದ್ದ ಅವಳ ಕೈ ಮೆಲ್ಲಗೆ ಎದ್ದಿತು.

ನಾನು ಕಂಬ ಬಳಸಿಕೊಂಡು ಬೇಗ ಬೇಗ ಮುಂದಿನವರ ಹತ್ತಿರ ಹೋದೆ.

ಮನೆಗೆ ಬಂದು ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಈಗಲೂ ದಿನಾ ಒಂದು ಲೋಟ ಮಜ್ಜಿಗೆ ಹೆಚ್ಚಿಗೆ ಕಡೆಯುತ್ತೇನೆ, ಸಂಜೆಗೆ ಅದು ಹುಳಿಯಾಗುತ್ತದೆ. ರಜೆಗೆ ನೀವೇ ಬನ್ನಿ ಮಕ್ಕಳೇ. ರಾಡು ಬಾಗಿಲ ಹಿಂದೆಯೇ ಇದೆ, ಒಳಗೆ ಬರುವಾಗ ಎಡವಿ ಬೀಳಬೇಡಿ.