ಹೊರಡುವ ಹೊತ್ತಿಗೆ ಕೇಳಿದ ಪ್ರಶ್ನೆ

ಬಿಲ್ ಟೈಪ್ ಮಾಡಲು ಸೇರಿಕೊಂಡವಳು ನಾನು. ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ನಮ್ಮ ಆಫೀಸು. ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಕೂರಿಸುವುದು, ಕೂರಿಸಿದ್ದು ಕೆಟ್ಟರೆ ರಿಪೇರಿ ಮಾಡುವುದು ನಮ್ಮ ಸಾಹುಕಾರರ ಕಸುಬು. ನಮ್ಮ ಕಡೆಯ ಬೋರ್‌ವೆಲ್ ನೀರು ಎಂಥದ್ದೆಂದು ನಮ್ಮ ಕಲೆಗಟ್ಟಿದ ಹಲ್ಲು ನೋಡಿದವರಿಗೆ ಗೊತ್ತಾಗುತ್ತದೆ, ಹಾಗಾಗಿ ಈ ಕಸುಬಿಗೆ ಬರಗಾಲವಿಲ್ಲ. ಆಫೀಸಿನಲ್ಲಿ ನನ್ನ ಕುರ್ಚಿ ಬಾಗಿಲ ಪಕ್ಕ. ಬಂದವರೆಲ್ಲ ನನ್ನ ಮುಖ ನೋಡಿಯೇ, "ಒಳಗೆ ಯಾರಾದ್ರೂ ಅದಾರಾ?" ಎಂದು ಕೇಳುತ್ತಾರೆ. ನಾನು ಯಾರೂ ಅಲ್ಲವೇ ಎಂದು ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೂ ಬರುತ್ತಿತ್ತು.

ಸಾಹುಕಾರರಿಗೆ ಮೂರು ತಂಡ. ಹಿರಿಯೂರಿನದು, ಹೊಸದುರ್ಗದ್ದು, ಹೊಳಲ್ಕೆರೆಯದು. ಒಂದೊಂದು ಘಟಕಕ್ಕೂ ಜಾಗ ನೋಡುವುದರಿಂದ ಹಿಡಿದು ಶೆಡ್ಡು, ಪೈಪು, ಮಷಿನ್ನು, ನೀರಿನ ಪರೀಕ್ಷೆ, ಉದ್ಘಾಟನೆ, ಆಮೇಲಿನ ವರ್ಷಗಟ್ಟಲೆ ರಿಪೇರಿಯವರೆಗೆ ಹಂತವೋ ಹಂತ. ಇದಿಷ್ಟೂ ಸಾಹುಕಾರರ ತಲೆಯಲ್ಲೇ ಇತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಫೋನಿನಲ್ಲಿ ಕಿರುಚುವುದೇ ಅವರ ಆಡಳಿತ. "ಏನಪ್ಪ, ಧರ್ಮಪುರದ್ದು ಎಲ್ಲಿಗ್ ಬಂತು? ಬಿ.ದುರ್ಗದ ಮೋಟ್ರು ಏನಾತು? ಲೇ, ಕೇಳಿಸ್ತೈತಾ?" ಅವರ ಬಿಪಿ ಮಾತ್ರೆ ತಂದುಕೊಡುವುದೂ ನನ್ನ ಪಾಲಿನ ಕೆಲಸವೇ ಆಗಿದ್ದರಿಂದ, ಇದಕ್ಕೊಂದು ದಾರಿ ಹುಡುಕಬೇಕು ಎನ್ನಿಸಿತು.

ಮನೆಯಲ್ಲಿ ಕೂತು ವಿಡಿಯೊ ನೋಡಿ ನೋಡಿ ಕಲಿತೆ. ಒಂದು ಯೋಜನೆ ಶುರುವಾದಾಗಿನಿಂದ ಮುಗಿಯುವವರೆಗಿನ ಹಂತಗಳ ಲೆಕ್ಕವನ್ನೆಲ್ಲ ಇಟ್ಟುಕೊಳ್ಳುವ ಸಾಫ್ಟ್‌ವೇರ್ ಪುಕ್ಕಟೆ ಸಿಕ್ಕಿತು. ಮೂಲೆಗೆ ಬಿದ್ದಿದ್ದ ಹಳೇ ಕಂಪ್ಯೂಟರನ್ನು ಸ್ಟೋರ್ ರೂಮಿನಲ್ಲಿ ಫಿಲ್ಟರ್ ಡಬ್ಬಗಳ ನಡುವೆ ಇಟ್ಟು, ಅದನ್ನೇ ನಮ್ಮ ಸ್ವಂತ ಸರ್ವರ್ ಮಾಡಿದೆ. ಒಂದು ಕಡೆ ಸಾಫ್ಟ್‌ವೇರು, ಇನ್ನೊಂದು ಕಡೆ ಎಐ ಸಹಾಯಕ, ನಡುವೆ ಬಾಗಿಲು ಕಾಯುವುದು ಈ ಸರ್ವರ್. ಎಐ ಏನನ್ನು ನೋಡಬಹುದು, ಏನನ್ನು ಬರೆಯಬಹುದು, ಯಾವುದನ್ನು ಮುಟ್ಟಲೇಬಾರದು ಎಂಬುದಕ್ಕೆಲ್ಲ ಆ ಬಾಗಿಲಲ್ಲಿ ನಾನು ಹಾಕಿದ್ದೇ ಕಾನೂನು. ನನ್ನ ಕಾನೂನು ಎಲ್ಲಾದರೂ ನಡೆದದ್ದು ಅದೇ ಮೊದಲು. ಎಐ ಮೊದಲ ಸಲ ಸಾಫ್ಟ್‌ವೇರಿನಿಂದ ಓದಿ, 'ಮಾಡದಕೆರೆ ಘಟಕದ ಶೆಡ್ಡು ಮುಗಿದಿದೆ, ಮಷಿನ್ ಬಾಕಿ ಇದೆ' ಎಂದು ಕನ್ನಡದಲ್ಲೇ ಉತ್ತರ ಕೊಟ್ಟ ದಿನ ನಾನು ಸ್ಟೋರ್ ರೂಮಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಮನೆಗೆ ಹೋಗಿ ಗಂಡನಿಗೆ ಹೇಳಿದರೆ, "ಹೌದಾ, ಇವತ್ತು ಸಾರಿಗೆ ಉಪ್ಪು ಕಮ್ಮಿ ಆಗೈತೆ" ಎಂದರು.

ಸಾಹುಕಾರರು ಸ್ಟೋರಿಗೆ ಬಂದು ಇಣುಕಿದರು. "ಇದೇನಾ? ಈ ಡಬ್ಬಾನಾ?"

ಅವರ ಬಾಮೈದ ದಾವಣಗೆರೆಯಲ್ಲಿ ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಮಾರುತ್ತಾನೆ. ಅವನದ್ದನ್ನೇ ತಗೊಳ್ಳಬೇಕೆಂದು ಮನೆಯೊಳಗಿನಿಂದ ಅವರಿಗೆ ದಿನಾ ಒತ್ತಡ. ಹಾಗಾಗಿ ನನಗೆ ಒಂದು ಗಡುವು ಕೊಟ್ಟರು. "ದೀಪಾವಳಿ ತನಕ ನೋಡಾಣ. ಸರಿ ಹೋಗಲಿಲ್ಲ ಅಂದ್ರೆ ಬಾಮೈದಂದು ಹಾಕಾಣ. ನೀನು ನಿನ್ ಬಿಲ್ ನೋಡ್ಕ್ಯಂತ ಇರು." ನನಗೆ ಮತ್ತೆ ಬರೀ ಬಿಲ್ ನೋಡಿಕೊಂಡು ಇರುವ ಮನಸ್ಸು ಖಂಡಿತ ಇರಲಿಲ್ಲ. ಆ ಡಬ್ಬ ಉಳಿದರೆ ಆ ಆಫೀಸಿನಲ್ಲಿ ನನ್ನ ಮಾತಿಗೂ ಒಂದು ಬೆಲೆ. ಇಲ್ಲದಿದ್ದರೆ ಬಾಗಿಲ ಪಕ್ಕದ ಕುರ್ಚಿ, ನಾನು, ಮಾತ್ರೆ ಚೀಟಿ.

ಎಐಗೆ ಮೊದಲು ಕೊಟ್ಟ ಕೆಲಸ ತೀರಾ ಸುಲಭದ್ದು. ಬೆಳಿಗ್ಗೆ ಗಾಡಿ ಹೊರಡುವ ಹೊತ್ತಿಗೆ ಸರಿಯಾಗಿ ಮೂವರು ಮೇಸ್ತ್ರಿಗಳ ಮೊಬೈಲಿಗೂ ಒಂದು ಮೆಸೇಜ್ ಕಳಿಸಬೇಕು: 'ಶುಭೋದಯ. ಈ ದಿನ ಎಲ್ಲಿಗೆ ಹೊರಟಿದ್ದೀರಿ?' ಮೇಸ್ತ್ರಿ ಊರಿನ ಹೆಸರು ಹೇಳಿದರೆ ಎಐ ಅದನ್ನು ಸರ್ವರ್ ಮೂಲಕ ಸಾಫ್ಟ್‌ವೇರಿಗೆ ಹಾಕುತ್ತದೆ. ಉತ್ತರ ಬರದಿದ್ದರೆ ಕಾಲು ಗಂಟೆ ಬಿಟ್ಟು ಮತ್ತೆ ಕೇಳಬೇಕು. ಈ ಎರಡನೆಯದು ನನ್ನ ಹೆಚ್ಚುವರಿ ಬುದ್ಧಿವಂತಿಕೆ.

ವಾರ ಕಳೆಯುವಷ್ಟರಲ್ಲಿ ಕೆಲಸಗಳೆಲ್ಲ ಹಿಂದೆ ಬಿದ್ದವು. ಧರ್ಮಪುರಕ್ಕೆ ಬೆಳಿಗ್ಗೆ ಮುಟ್ಟಬೇಕಾದ ಗಾಡಿ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟುತ್ತಿತ್ತು. ಎಐ ಪ್ರಾಮಾಣಿಕವಾಗಿ ಸಾಹುಕಾರರಿಗೆ ವರದಿ ಕೊಟ್ಟಿತು: 'ತಂಡಗಳು ಹೊರಡುವುದು ದಿನೇ ದಿನೇ ತಡವಾಗುತ್ತಿದೆ. ಹಿರಿಯೂರು ತಂಡ ಎಲ್ಲರಿಗಿಂತ ಹಿಂದಿದೆ. ಮೇಸ್ತ್ರಿಗಳಿಗೆ ಇನ್ನಷ್ಟು ಬಾರಿ ನೆನಪಿಸುವುದು ಸೂಕ್ತ.' ಸಾಹುಕಾರರು ಟೇಬಲ್ ಗುದ್ದಿ, "ಹೌದು, ನೆನಪಿಸು!" ಎಂದರು. ಅದು ಇನ್ನಷ್ಟು ಬಾರಿ ನೆನಪಿಸಿತು. ಹಿರಿಯೂರು ತಂಡ ಒಂದು ದಿನ ಹೊರಡಲೇ ಇಲ್ಲ.

"ಹೋಗಿ ನೋಡ್ಕಂಡ್ ಬಾರಮ್ಮ, ನಿನ್ ಡಬ್ಬ ಹಾಕಿದ್ ಮೇಲೇ ಹಿಂಗಾಗಿರೋದು" ಎಂದರು ಸಾಹುಕಾರರು. ಮಾರನೆಯ ದಿನ ಮೊದಲ ಬಸ್ಸಿಗೇ ಹಿರಿಯೂರಿಗೆ ಹೋದೆ. ಅಲ್ಲಿನ ಗೋಡೌನ್ ಮುಂದೆ ಪಿಕಪ್ ಗಾಡಿ ತಯಾರಾಗಿ ನಿಂತಿತ್ತು. ಪೈಪು ಕಟ್ಟಿದ್ದರು, ಮಷಿನ್ ಏರಿಸಿದ್ದರು, ನಾಲ್ಕು ಜನ ಹಿಂದೆ ಕೂತಿದ್ದರು. ಮೇಸ್ತ್ರಿ ಭರ್ಜರಿ ಆಳು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ, ಆಂಧ್ರದ ಗಡಿಯಲ್ಲಿ ದುಡಿದು ದುಡಿದು ಬಾಯಲ್ಲಿ ಅರ್ಧ ತೆಲುಗು. ಗಾಡಿಗೆ ಕೈ ಮುಗಿದು ಹತ್ತಿ ಕೂತರು. ಇಂಜಿನ್ ಶುರುವಾಯಿತು. ಅಷ್ಟರಲ್ಲಿ ಅವರ ಜೇಬಿನಲ್ಲಿ ಮೊಬೈಲು ಟಿಂಗ್ ಎಂದಿತು. ತೆಗೆದು ನೋಡಿದರು. ಮುಖ ಇಳಿಯಿತು.

"ಅಯ್ಯೋ ದೇವುಡಾ. ಕೇಳ್ತು ಕಣ್ರಲೇ. ಇಳೀರಿ."

ಎಲ್ಲರೂ ಇಳಿದರು. ಚಪ್ಪಲಿ ಬಿಟ್ಟು ಒಳಗೆ ಹೋದರು. ಚಾಪೆ ಮೇಲೆ ಕೂತು ಒಂದೊಂದು ಲೋಟ ನೀರು ಕುಡಿದರು. ಮೇಸ್ತ್ರಿ ಎಲೆಗೆ ಸುಣ್ಣ ಹಚ್ಚಲು ಶುರು ಮಾಡಿದರು. ಅದನ್ನು ಅಗಿದು ಉಗಿದು, ಮತ್ತೆ ಗಾಡಿಗೆ ಕೈ ಮುಗಿದು ಹತ್ತಿ ಕೂರುವಷ್ಟರಲ್ಲಿ ಕಾಲು ಗಂಟೆ ಆಗಿತ್ತು. ಮತ್ತೆ ಟಿಂಗ್. ಮತ್ತೆ ಎಲ್ಲರೂ ಇಳಿದರು.

ನಾನು ತಲೆ ಮೇಲೆ ಕೈ ಹೊತ್ತು ಪೈಪುಗಳ ಮೇಲೆ ಕೂತೆ. ಹೊಸದುರ್ಗದ ಕಡೆ ಹುಟ್ಟಿ ಬೆಳೆದವಳು ನಾನು. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನನಗೆ ಬುದ್ಧಿ ಬಂದಾಗಿನಿಂದ ಗೊತ್ತು. ಚಿಕ್ಕವಳಿದ್ದಾಗ ಸಂತೆಗೆ ಹೊರಟ ಅಪ್ಪನನ್ನು ಹಾಗೆ ಕೇಳಿ ಅಮ್ಮನಿಂದ ಬೆನ್ನಿಗೆ ಬಾರಿಸಿಕೊಂಡಿದ್ದೇನೆ. ಈಗಲೂ ನಾನು ಹೊರಟಾಗ ಎದುರುಮನೆಯವರು ಎಲ್ಲಿಗೆ ಎಂದರೆ ಒಳಗೆ ಬಂದು ಕೂತೇ ಹೋಗುತ್ತೇನೆ. ಅಂಥವಳು ಒಂದು ಯಂತ್ರ ಕೂರಿಸಿ, ಮೂರು ತಾಲ್ಲೂಕಿನ ಜನರನ್ನು ದಿನಾ ಹೊರಡುವ ಹೊತ್ತಿಗೆ ಸರಿಯಾಗಿ ಅದನ್ನೇ ಕೇಳಿಸುತ್ತಿದ್ದೆ. ಕಂಪ್ಯೂಟರ್ ಮುಂದೆ ಕೂತ ಕೂಡಲೇ ತಲೆ ಬೇರೆ ಯಾರದ್ದೋ ಆಗಿಬಿಡುತ್ತದೆ, ಅದಕ್ಕೆ ಏನು ಹೇಳಲಿ!

"ಮೇಸ್ತ್ರಿ, ಒಂದು ಮಾತು ನನಗೆ ಹೇಳಬಾರ್ದಾ?" ಎಂದು ರೇಗಿದೆ.

"ಏನಂತ ಹೇಳಾಣ ಅಕ್ಕಾರೆ? ಸಾವ್ಕಾರ್ರು ಹಾಕ್ಸಿರೋದು ಅಂದ್ರು. ಮನುಷ್ಯ ಆಗಿದ್ರೆ ನಾನೇ ನಾಕು ಬೈತಿದ್ದೆ. ಬೈದೂ ನೋಡ್ದೆ ಅನ್ರಿ. ಕ್ಷಮಿಸಿ ಅಂತು, ಮತ್ತೆ ಕೇಳ್ತು."

ವಾಪಸ್ ಬರುವಾಗ ಬಸ್ಸಿನಲ್ಲಿ ಕೂತೇ ಮೊಬೈಲಿನಿಂದ ಪ್ರಶ್ನೆ ಬದಲಿಸಿದೆ. ನಮ್ಮಲ್ಲಿ ಮರ್ಯಾದಸ್ಥರು ಹೇಗೆ ಕೇಳುತ್ತಾರೋ ಹಾಗೆ: 'ದೂರ ಹೊರಟಿರಾ?' ಇದರಲ್ಲಿ ಅಪಶಕುನವಿಲ್ಲ. ಮಾರನೆಯ ದಿನ ಮೂರೂ ಗಾಡಿ ಹೊತ್ತಿಗೆ ಸರಿಯಾಗಿ ಹೊರಟವು. ಮೂವರು ಮೇಸ್ತ್ರಿಗಳೂ ಮರ್ಯಾದಸ್ಥರು ಹೇಗೆ ಉತ್ತರ ಕೊಡುತ್ತಾರೋ ಹಾಗೆ ಉತ್ತರ ಕೊಟ್ಟರು: "ಇಲ್ಲೇ." ಧರ್ಮಪುರಕ್ಕೆ ಹೊರಟವರೂ ಇಲ್ಲೇ, ಬಿ.ದುರ್ಗಕ್ಕೆ ಹೊರಟವರೂ ಇಲ್ಲೇ, ಮಾಡದಕೆರೆಗೆ ಹೊರಟವರೂ ಇಲ್ಲೇ. ಕಾಶಿಗೆ ಹೊರಟಿದ್ದರೂ ಇಲ್ಲೇ ಎನ್ನುತ್ತಿದ್ದರು. ಎಐ ಯೋಚಿಸಿ, ಮೂರೂ ತಂಡ ಚಿತ್ರದುರ್ಗದ ಆಫೀಸಿನಲ್ಲಿ ಹಾಜರಿವೆ ಎಂದು ಸಾಫ್ಟ್‌ವೇರಿನಲ್ಲಿ ಬರೆಯಿತು.

ಸಾಹುಕಾರರು ಮೊಬೈಲ್ ನೋಡುತ್ತಾ ರೂಮಿನಿಂದ ಹೊರಗೆ ಬಂದರು. ಆಫೀಸಿನ ನಾಲ್ಕೂ ಮೂಲೆ ನೋಡಿದರು. ನನ್ನನ್ನು ನೋಡಿದರು. "ಎಲ್ಲಮ್ಮ ಅವ್ರೆಲ್ಲ? ಸ್ಟೋರ್‌ನಾಗೆ ಮುಚ್ಚಿಟ್ಟೀಯಾ?" ಎಂದು ಕೇಳಿ, ಒಳಗೆ ಹೋಗಿ ಬಾಮೈದನಿಗೆ ಫೋನ್ ಮಾಡಿದರು. ದೀಪಾವಳಿಗೆ ಇನ್ನು ಸ್ವಲ್ಪವೇ ದಿನ ಇತ್ತು.

ನಾನು ಮಂಡಕ್ಕಿ ಮೆಣಸಿನಕಾಯಿ ತರಿಸಿಕೊಂಡು ಸ್ಟೋರಿನಲ್ಲಿ ಕೂತು ಯೋಚಿಸಿದೆ. ಹೊರಡುವಾಗ ಕೇಳಿದರೆ ನಮ್ಮ ಜನ ಹೇಳುವುದಿಲ್ಲ. ಆದರೆ ಹೋಗಿ ಬಂದ ಮೇಲೆ? ಹೋಗಿ ಬಂದವರ ಬಾಯಿ ಮುಚ್ಚಿಸಲು ಯಾರಿಂದ ತಾನೇ ಆಗಿದೆ? ಬೆಳಗಿನ ಮೆಸೇಜ್ ತೆಗೆದೇ ಹಾಕಿದೆ. ಸಂಜೆ ಗಾಡಿ ವಾಪಸ್ ಬಂದ ಮೇಲೆ, ಕೈಕಾಲು ತೊಳೆಯುವಷ್ಟು ಹೊತ್ತು ಬಿಟ್ಟು, ಎಐ ಇಷ್ಟು ಮಾತ್ರ ಕೇಳಬೇಕು: 'ಬಂದಿರಾ? ಈ ದಿನ ಏನೇನಾಯಿತು?' ಬರೆಯುವ ಕಷ್ಟ ಬೇಡ, ಬಾಯಲ್ಲಿ ಹೇಳಿದರೆ ಸಾಕು ಎಂದೂ ಸೇರಿಸಿದೆ.

ಕೆರೆ ಕೋಡಿ ಬಿದ್ದ ಹಾಗಾಯಿತು. ಹಿರಿಯೂರು ಮೇಸ್ತ್ರಿ ಒಬ್ಬರದ್ದೇ ವಾಯ್ಸ್ ಮೆಸೇಜು ಒಂದು ಊಟ ಮುಗಿಯುವಷ್ಟು ಉದ್ದ. ಪೈಪ್ ಜೋಡಿಸಿದ್ದು, ಧರ್ಮಪುರದಲ್ಲಿ ಶೇಂಗಾ ಹೊಲದ ದಾರಿಯಲ್ಲಿ ಕುರಿ ಮಂದೆ ಅಡ್ಡ ಬಂದು ಗಾಡಿ ನಿಂತದ್ದು, ಕುರಿಯವರೊಂದಿಗೆ ಜಗಳ, ಆಮೇಲೆ ಅವರದ್ದೇ ರೊಟ್ಟಿ ಊಟ, ಮಷಿನ್‌ಗೆ ಕರೆಂಟ್ ಕೊಟ್ಟದ್ದು, ಅಳಿಯನ ದುರಹಂಕಾರ, ಮೊಣಕಾಲು ನೋವು. ಎಐ ಇದರೊಳಗಿನಿಂದ ಪೈಪು, ಮಷಿನ್ನು, ಕರೆಂಟುಗಳನ್ನು ಹೆಕ್ಕಿ ಸಾಫ್ಟ್‌ವೇರಿನಲ್ಲಿ ಆಯಾ ಹಂತಕ್ಕೆ ಸೇರಿಸಿತು. ಅಳಿಯನನ್ನು ಸೇರಿಸಲಿಲ್ಲ. ಮಾರನೆಯ ಸಂಜೆ ಕೊನೆಯಲ್ಲಿ, 'ಮೊಣಕಾಲು ಈಗ ಹೇಗಿದೆ?' ಎಂದು ಕೇಳಿತು. ಹಾಗೆ ಕೇಳೆಂದು ನಾನು ಹೇಳಿರಲಿಲ್ಲ. ನನಗೂ ಮೊಣಕಾಲು ನೋವಿದೆ, ಯಾರೂ ಕೇಳಿಲ್ಲ ಎಂದು ನಿಜವಾಗಿಯೂ ಹೊಟ್ಟೆಕಿಚ್ಚಾಯಿತು.

ಸಾಫ್ಟ್‌ವೇರು ತುಂಬಿತು. ಆದರೆ ಬಾಮೈದ ಅಷ್ಟರಲ್ಲಿ ಬಂದೇಬಿಟ್ಟ. ಲ್ಯಾಪ್‌ಟಾಪ್ ತೆರೆದು ಬಣ್ಣಬಣ್ಣದ ಚಿತ್ರ ತೋರಿಸಿದ. ನಾನು ಟೀ ತಂದುಕೊಟ್ಟು ಗೋಡೆಗೆ ಒರಗಿ ನಿಂತೆ. ಹೋಗು ಎಂದು ಯಾರೂ ಹೇಳಲಿಲ್ಲ, ಕೂತುಕೋ ಎಂದೂ ಹೇಳಲಿಲ್ಲ. ಆ ದಿನಕ್ಕಾಗಿ ನಾನು ಮನಸ್ಸಿನಲ್ಲಿ ದೊಡ್ಡ ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಸ್ವಂತ ಸರ್ವರ್ ಇದ್ದರೆ ನಮ್ಮ ಲೆಕ್ಕ ನಮ್ಮಲ್ಲೇ ಇರುತ್ತದೆ, ನಾಳೆ ಯಾವ ಎಐ ಬೇಕಾದರೂ ಬದಲಿಸಬಹುದು, ಯಾರ ಹಂಗೂ ಇಲ್ಲ ಎಂದೆಲ್ಲ. ಸ್ನಾನ ಮಾಡುವಾಗ ಹೇಳಿಕೊಂಡರೆ ಅದು ತುಂಬಾ ಚೆನ್ನಾಗಿ ಬರುತ್ತಿತ್ತು.

ಸಾಹುಕಾರರು ಹಿರಿಯೂರು ಮೇಸ್ತ್ರಿಗೆ ಫೋನ್ ಹಚ್ಚಿ, ನಮಗೂ ಕೇಳಲೆಂದು ಸ್ಪೀಕರ್ ಹಾಕಿದರು. "ನೋಡಪ್ಪ, ಬರೋ ತಿಂಗಳಿಂದ ಬೇರೆ ಬರ್ತೈತೆ. ಅದ್ರಾಗೆ ನೀನೇ ಬಟನ್ ಒತ್ತಿ ತುಂಬಬೇಕು."

"ಅದು ಸಂಜೆ ಕೇಳಲ್ವಾ?"

"ಕೇಳಲ್ಲ. ನೀನೇ ತುಂಬೋದು."

ಮೇಸ್ತ್ರಿಯ ಆ ದೊಡ್ಡ ದನಿ ಸಣ್ಣಗಾಗಿ ಬಂತು. "ಬ್ಯಾಡ ಸಾವ್ಕಾರ್ರೆ. ಮನೇಲಿ ನಾನ್ ಬಾಯ್ ಬಿಟ್ರೆ ಟಿವಿ ಜೋರು ಮಾಡ್ತಾರೆ. ಇದೊಂದ್ ಪೂರ್ತಿ ಕೇಳ್ತೈತೆ."

ಬಾಮೈದ ನಕ್ಕ. ಸಾಹುಕಾರರು ನಗಲಿಲ್ಲ. ಲ್ಯಾಪ್‌ಟಾಪಿನ ಚಿತ್ರ ನೋಡಿದರು, ಸ್ಟೋರ್ ರೂಮಿನ ಬಾಗಿಲು ನೋಡಿದರು, ಕೊನೆಗೆ ನನ್ನ ಕಡೆ ತಿರುಗಿದರು.

"ಏನ್ ಮಾಡಾಣಮ್ಮ? ನೀನ್ ಹೇಳು."

ಭಾಷಣದ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. "ಇರ್ಲಿ ಬಿಡ್ರಿ ಸರ್, ನಮ್ಮದೇ" ಎಂದೆ.

"ಸರಿ ಹಂಗಾರೆ, ಇರ್ಲಿ" ಎಂದು ಅವರು ಬಾಮೈದನ ಕಡೆ ತಿರುಗಿ, "ಊಟ ಮಾಡ್ಕಂಡು ಹೋಗಪ್ಪ" ಎಂದರು.

ನಾನು ಟೀ ಲೋಟ ಎತ್ತಿಕೊಂಡು ಸ್ಟೋರಿಗೆ ಹೋಗಿ, ಬಾಗಿಲು ಹಾಕಿಕೊಂಡು, ಫಿಲ್ಟರ್ ಡಬ್ಬದ ಮೇಲೆ ಕೂತು ಚೆನ್ನಾಗಿ ಅತ್ತೆ. ಇಷ್ಟು ವರ್ಷ ಆ ಆಫೀಸಿನಲ್ಲಿ ಎಲ್ಲರೂ ನನಗೆ ಕೆಲಸ ಹೇಳುತ್ತಿದ್ದರು. ನನ್ನ ಮಾತು ಕೇಳಿದ್ದು ಆವತ್ತೇ.