ಕುಕ್ಕರ್ ಜೊತೆ ಮಾತಾಡುತ್ತಿದ್ದ ಅತ್ತೆ

ನಮ್ಮತ್ತೆಯ ಕೆಳತುಟಿಯ ಎಡಮೂಲೆಯಲ್ಲಿ ಮೆಣಸಿನ ಕಾಳಿನಷ್ಟು ದೊಡ್ಡ ಕಪ್ಪು ಮಚ್ಚೆಯಿತ್ತು. ಕೋಪ ಬಂದರೆ ತುಟಿ ಮುಂದೆ ಬರುತ್ತಿತ್ತು, ತುಟಿಯ ಜೊತೆ ಮಚ್ಚೆಯೂ. ಮದುವೆಯಾದ ಹೊಸದರಲ್ಲೇ ನಾನು ಅವರ ಮುಖಕ್ಕಿಂತ ಮೊದಲು ಆ ಮಚ್ಚೆ ನೋಡುವುದನ್ನು ಕಲಿತಿದ್ದೆ. ಸಿಂಗಾಪುರದ ಏರ್‌ಪೋರ್ಟಿನಲ್ಲಿ ಟ್ರಾಲಿ ತಳ್ಳಿಕೊಂಡು ಹೊರಗೆ ಬಂದವರು ಮೊದಲು ತಮ್ಮ ಮಗನನ್ನು ನೋಡಿದರು, ಆಮೇಲೆ ನನ್ನ ಸೊಂಟದ ಮೇಲಿದ್ದ ನಾಲ್ಕು ವರ್ಷದ ಮೊಮ್ಮಗನನ್ನು. ಮಚ್ಚೆ ಮುಂದೆ ಬಂತು.

"ಇಷ್ಟು ದೊಡ್ಡವನನ್ನ ಎತ್ಕೊಂಡೇ ಓಡಾಡ್ತೀಯಾ?"

ಅವನು ನಡೆಯಲು ಕಲಿತೇ ಆರು ತಿಂಗಳಾಗಿತ್ತು. ಜನರ ನಡುವೆ ಬಿಟ್ಟರೆ ಬೀಳುತ್ತಿದ್ದ. ಅದನ್ನು ಅವರಿಗೆ ಬಿಡಿಸಿ ಹೇಳುವ ಮನಸ್ಸು ನನಗಾಗಲಿಲ್ಲ.

ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಈಗ ಅದನ್ನು ಮುಚ್ಚಿಟ್ಟು ಏನೂ ಉಪಯೋಗವಿಲ್ಲ. ಮಗುವಿನ ಬೆಳವಣಿಗೆ ತುಂಬಾ ಹಿಂದಿದೆ, ಇವನು ಎಲ್ಲ ಮಕ್ಕಳ ಹಾಗೆ ಆಗಲಾರ ಎಂದು ಡಾಕ್ಟರು ಹೇಳಿದ್ದನ್ನು ನನ್ನ ಗಂಡ ಮೈಸೂರಿಗೆ ಬರೆದಾಗ ಅತ್ತೆಯಿಂದ ಬಂದ ಉತ್ತರದಲ್ಲಿ ಒಂದು ಸಾಲಿತ್ತು: "ನಮ್ಮ ಕಡೆ ಯಾರೂ ಹೀಗಿಲ್ಲ, ಅವಳ ಕಡೆ ವಿಚಾರಿಸು." ಗಂಡ ಪತ್ರವನ್ನು ಪುಸ್ತಕದೊಳಗೆ ಬಚ್ಚಿಟ್ಟಿದ್ದರು. ನಾನು ಹುಡುಕಿ ತೆಗೆದು ನನ್ನ ಸೀರೆಗಳ ಕೆಳಗೆ ಇಟ್ಟುಕೊಂಡೆ. ಬೇಜಾರಾದಾಗಲೆಲ್ಲ ತೆಗೆದು ಓದುತ್ತಿದ್ದೆ. ಆ ಹೆಂಗಸು ಮೂರು ತಿಂಗಳಿಗೆಂದು ನಮ್ಮ ಮನೆಗೆ ಬಂದಿದ್ದರು.

ತೊಂಬತ್ತರ ದಶಕದ ನಡುವಿನ ಮಾತು ಇದು. ನನ್ನ ಗಂಡ ಯೂನಿವರ್ಸಿಟಿಯಲ್ಲಿ ಮೇಷ್ಟ್ರು, ಕ್ಲೆಮೆಂಟಿ ಬಡಾವಣೆಯ ಹನ್ನೊಂದನೇ ಮಹಡಿಯಲ್ಲಿ ನಮ್ಮ ಫ್ಲ್ಯಾಟು. ಮಗ ಮಾತಾಡುತ್ತಾನೋ ಇಲ್ಲವೋ, ಆ ಮನೆಯಲ್ಲಿ ಇದ್ದ ಪ್ರಶ್ನೆ ಅದೊಂದೇ. ನಾಲ್ಕು ವರ್ಷವಾದರೂ ಅವನ ಬಾಯಿಂದ ಒಂದು 'ಅಮ್ಮ' ಬಂದಿರಲಿಲ್ಲ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಥೆರಪಿಸ್ಟ್ ಒಬ್ಬಳಿದ್ದಳು, ನನಗಿಂತ ಚಿಕ್ಕ ವಯಸ್ಸಿನ ಚೀನೀ ಹುಡುಗಿ, ಒಳ್ಳೆಯವಳೇ. ಒಂದೂವರೆ ವರ್ಷದ ಹಿಂದೆ ಅವಳು ಹೇಳಿದ್ದಳು: "ಮಮ್ಮಿ, ಮನೇಲಿ ಓನ್ಲಿ ಇಂಗ್ಲಿಷ್, ಕ್ಯಾನ್?" 'ಕ್ಯಾನ್' ಅಂದರೆ ಆಗುತ್ತಾ ಅಂತ. ಎರಡು ಭಾಷೆ ಕಿವಿಗೆ ಬಿದ್ದರೆ ಇಂಥ ಮಕ್ಕಳಿಗೆ ಗೊಂದಲವಾಗುತ್ತದಂತೆ. ಆಗ ಎಲ್ಲರೂ ಹಾಗೇ ಹೇಳುತ್ತಿದ್ದರು, ನಾವು ತಲೆಯಾಡಿಸಿಕೊಂಡು ಬಂದೆವು.

ನಾನು ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳು. ನನ್ನ ಇಂಗ್ಲಿಷು ಮಾರ್ಕೆಟ್ಟಿನಲ್ಲಿ ಬದನೆಕಾಯಿ ಕೇಳುವುದಕ್ಕೆ ಸಾಲುತ್ತಿತ್ತು, ಮಗುವನ್ನು ಮುದ್ದು ಮಾಡುವುದಕ್ಕೆ ಸಾಲುತ್ತಿರಲಿಲ್ಲ. ಕಮ್. ಸಿಟ್. ಈಟ್. ನೋ. ಹೆತ್ತ ಮಗನ ಜೊತೆ ಒಂದೂವರೆ ವರ್ಷ ಟ್ರಾಫಿಕ್ ಪೊಲೀಸಿನವನ ಹಾಗೆ ಮಾತಾಡಿದೆ. ಸ್ನಾನ ಮಾಡಿಸುವಾಗ ಬಾಯಿಗೆ ಬಂದ ಕನ್ನಡವನ್ನು ನುಂಗಿಕೊಂಡು ಸುಮ್ಮನೆ ನೀರು ಹಾಕುತ್ತಿದ್ದೆ.

ಅತ್ತೆ ಬಂದ ಸಂಜೆಯೇ ಕಟ್ಟಳೆ ಹೇಳಿಬಿಟ್ಟೆ.

"ಅತ್ತೆ, ಮಗು ಹತ್ರ ಕನ್ನಡದಲ್ಲಿ ಮಾತಾಡ್ಬಾರ್ದು. ಡಾಕ್ಟರ್ ಹೇಳಿದ್ದಾರೆ."

"ನಂಗೆ ಇಂಗ್ಲಿಷ್ ಎಲ್ಲಿ ಬರುತ್ತೆ?"

"ಹಾಗಾದ್ರೆ ಸುಮ್ನಿರಿ."

ಹಾಗೆ ಹೇಳುವಾಗ ನನಗೆ ಸಂತೋಷವಾಯಿತು. ಆ ಪತ್ರಕ್ಕೆ ನಾನು ಕೊಟ್ಟ ಉತ್ತರ ಅದು.

ಮಾತು ಬರದ ಮಕ್ಕಳಿಗೆ ಬಜೆ ಬೇರು ತೇದು ನಾಲಿಗೆಗೆ ಹಚ್ಚುವುದು ನಮ್ಮ ಕಡೆ ರೂಢಿ. ಅತ್ತೆ ಬಟ್ಟೆಯಲ್ಲಿ ಸುತ್ತಿ ಬಜೆ ತಂದಿದ್ದರು, ಮರುದಿನ ಬೆಳಿಗ್ಗೆ ದೇವರ ಮುಂದೆ ಕೂತು ಸಾಣೆಕಲ್ಲಿನ ಮೇಲೆ ತೇಯುತ್ತಿದ್ದರು. ಇನ್ನೇನು ಅವನ ನಾಲಿಗೆಗೆ ಹಚ್ಚಬೇಕು, ನಾನು ಬೇರನ್ನು ಕಿತ್ತುಕೊಂಡೆ. ಅಡುಗೆಮನೆಯ ಗೋಡೆಯಲ್ಲಿ ಕಸ ಹಾಕಲು ಒಂದು ತಗಡಿನ ಬಾಗಿಲಿತ್ತು, ಅದರೊಳಗೆ ಹಾಕಿದ್ದು ನೇರ ಕಟ್ಟಡದ ಬುಡಕ್ಕೆ ಹೋಗುತ್ತಿತ್ತು. ಅದನ್ನು ಎಳೆದು ಬೇರನ್ನು ಎಸೆದೆ. ಅದು ಕೊಳವೆಯ ಗೋಡೆಗೆ ಟಕಟಕ ಬಡಿಯುತ್ತಾ ಕೆಳಗಿಳಿದದ್ದು ಇಬ್ಬರಿಗೂ ಕೇಳಿಸಿತು.

ಮರುದಿನ ಅಡುಗೆಮನೆಯಿಂದ ಅತ್ತೆಯ ದನಿ ಕೇಳಿಸಿತು.

"ಏನಪ್ಪಾ, ನುಂಗಿದ್ಯಾ ನನ್ನ ಬಜೆನಾ? ಇನ್ನು ನೀನಾದ್ರೂ ಮಾತಾಡು."

ಓಡಿಹೋಗಿ ನೋಡಿದರೆ ಕಸದ ಬಾಗಿಲಿನ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾರೆ. ಮಗ ಅವರ ಕಾಲ ಬಳಿ ಕೂತಿದ್ದಾನೆ.

"ಅತ್ತೆ! ಏನು ಹೇಳಿದ್ದೆ ನಾನು?"

"ನಾನು ಮಗು ಹತ್ರ ಮಾತಾಡಿದ್ನಾ? ಕಸದ ಬಾಗಿಲ ಹತ್ರ ಮಾತಾಡ್ದೆ. ಅದಕ್ಕೂ ಇಂಗ್ಲಿಷೇ ಆಗ್ಬೇಕಾ?"

ಅಲ್ಲಿಂದ ಶುರುವಾಯಿತು. ಬಟ್ಟೆ ಒಣಗಿಸಲು ಕಿಟಕಿಯಾಚೆ ಚಾಚುವ ಬಿದಿರು ಗಳುವಿಗೆ, "ಹುಷಾರು ಕಣಪ್ಪಾ, ಬಿದ್ದೀಯ, ಕೆಳಗೆ ಜನ ಓಡಾಡ್ತಾರೆ." ಒಗ್ಗರಣೆಯ ಸಾಸಿವೆಗೆ, "ಏನ್ರೇ, ಇಷ್ಟೊಂದು ಗಲಾಟೆ?" ಎಲ್ಲಕ್ಕಿಂತ ಹೆಚ್ಚು ಮಾತು ಕುಕ್ಕರ್ ಜೊತೆ. "ಒಂದು ಕೂಗಿದೆ. ಇನ್ನೂ ಎರಡು ಬಾಕಿ, ಕೂಗು ಕೂಗು... ಹಾಂ, ಎರಡಾಯ್ತು... ಮೂರು! ಸಾಕು, ಬಾಯ್ಮುಚ್ಚು!" ಅಂದು ಒಲೆ ಆರಿಸುತ್ತಿದ್ದರು. ನನಗೆ ಹೇಳಬೇಕಾದದ್ದೂ ಅದರ ಮೂಲಕವೇ ಬರುತ್ತಿತ್ತು. "ನಿನ್ನ ಯಜಮಾನಿ ಬೇಳೆಗೆ ಅರಿಶಿನ ಹಾಕೋದೇ ಮರ್ತಿದ್ದಾಳೆ, ಅವಳ ಗಮನ ಎಲ್ಲೋ." ನನ್ನ ಮೈ ಉರಿದುಹೋಗುತ್ತಿತ್ತು.

ಗಂಡನಿಗೆ ದೂರು ಹೇಳಿದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಮನುಷ್ಯ ಅವರು. "ಅಮ್ಮ ಪಾತ್ರೆ ಜೊತೆ ಮಾತಾಡಿದ್ರೆ ನಾನೇನ್ ಮಾಡ್ಲಿ ಹೇಳು?" ಅಂದು ನಕ್ಕರು. ಆ ನಗುವಿಗೆ ಎರಡು ದಿನ ಅವರ ಜೊತೆಯೂ ಮಾತು ಬಿಟ್ಟೆ. ಮನೆಯಲ್ಲಿ ಕಿವಿ ತುಂಬಾ ಮಾತು ಕೇಳುತ್ತಿದ್ದದ್ದು ಆಗ ಕುಕ್ಕರ್ ಒಂದೇ.

ನನ್ನ ಕಣ್ಣೆದುರಿಗೇ ನಡೆಯುತ್ತಿದ್ದರೂ ನಾನು ನೋಡಲೊಲ್ಲದ ಸಂಗತಿ ಒಂದಿತ್ತು. ಮಗ ನಡುಮನೆಯಲ್ಲಿ ಸ್ಟೀಲಿನ ಮುಚ್ಚಳ ತಿರುಗಿಸಿಕೊಂಡು ಗಂಟೆಗಟ್ಟಲೆ ಕೂರುವವನು, ಈಗ ಮುಚ್ಚಳದ ಸಮೇತ ಅಡುಗೆಮನೆಗೆ ಹೋಗಿಬಿಟ್ಟಿದ್ದ. ಕುಕ್ಕರ್ ಕೂಗಿದರೆ ಮೊದಲೆಲ್ಲ ಕಿವಿ ಮುಚ್ಚಿಕೊಂಡು ಕಿರುಚಿ ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ. ಅದಕ್ಕೇ ನಾನು ಅವನು ಮಲಗಿದ್ದಾಗ ಬೇಳೆ ಬೇಯಿಸಿಕೊಳ್ಳುತ್ತಿದ್ದೆ. ಅತ್ತೆ ಅವನನ್ನು ಮುಂದೆ ಕೂರಿಸಿಕೊಂಡೇ ಬೇಯಿಸಿದರು. ಮೊದಲ ವಾರ ಕಿರುಚಿದ, ಎರಡನೇ ವಾರವೂ ಕಿರುಚಿದ. ಐದನೇ ವಾರದ ಹೊತ್ತಿಗೆ ಎರಡನೇ ಕೂಗು ಮುಗಿಯುತ್ತಲೇ ಕಿವಿಯಿಂದ ಕೈ ತೆಗೆದು ಅಜ್ಜಿಯ ಬಾಯಿಯನ್ನು ನೋಡುತ್ತಿದ್ದ. ಯಾರ ಮುಖವನ್ನೂ ನೋಡದ ಹುಡುಗ ಆ ಮಚ್ಚೆಯನ್ನು ನೋಡುತ್ತಾ ಮೂರನೆಯದಕ್ಕೆ ಕಾಯುತ್ತಿದ್ದ.

ಒಂದು ದಿನ ನಾನು ಸೊಪ್ಪು ಬಿಡಿಸುತ್ತಿದ್ದೆ. ಮೂರನೇ ಕೂಗು ಬಂತು. ಅತ್ತೆ ಬೇಕೆಂದೇ ತಡಮಾಡಿದರೋ, ಕೈಯಲ್ಲಿ ಏನಾದರೂ ಇತ್ತೋ, ಗೊತ್ತಿಲ್ಲ. ನೆಲದಿಂದ ಒಂದು ಒರಟು ದನಿ ಬಂತು.

"ಚಾಕು!"

ಅದು 'ಸಾಕು' ಅಂತ ಮೂವರಿಗೂ ಗೊತ್ತಾಯಿತು. ನಾಲ್ಕು ವರ್ಷ ನಾನು ಕಾದಿದ್ದ ಗಳಿಗೆ. ನಾನು ಏನು ಮಾಡಿದೆ ಗೊತ್ತೇ? ಅವನ ಗಲ್ಲ ಹಿಡಿದುಕೊಂಡು, "ಸೇ ಎನಫ್. ಎನಫ್ ಅನ್ನು," ಎಂದೆ. ಅವನು ನನ್ನ ಕೈ ಕೊಸರಿಕೊಂಡು, ಬಾಯಿ ಮುಚ್ಚಿ, ಮುಚ್ಚಳ ತಿರುಗಿಸತೊಡಗಿದ.

"ಲೇ, ತಲೆ ನೆಟ್ಟಗಿದೆಯೇನೆ ನಿಂಗೆ?" ಅತ್ತೆ ಸೌಟು ಎಸೆದರು. "ಮಗು ಬಾಯ್ಬಿಡ್ತು. ನೀನು ಮುಚ್ಚಿಸ್ದೆ."

ನಾನು ಒಳಗೆ ಹೋಗಿ ಸೀರೆಗಳ ಕೆಳಗಿದ್ದ ಪತ್ರ ತಂದು ಅವರ ಮುಂದೆ ಹಾಕಿದೆ. "ನಿಮ್ಮ ಕಡೆಯವನಲ್ಲ ಅಂತ ಬರೆದಿದ್ರಲ್ಲ? ಈಗ ಯಾವ ಹಕ್ಕಿಂದ ಮಾತು ಕಲಿಸ್ತೀರಿ?"

ಅತ್ತೆ ಪತ್ರವನ್ನು ಮುಟ್ಟಲಿಲ್ಲ. ತುಟಿ ಒಳಗೆ ಹೋಯಿತು, ಮಚ್ಚೆ ಕಾಣಲೇ ಇಲ್ಲ.

"ಬರೆದೆ. ತಪ್ಪು ಬರೆದೆ ಕಣೇ. ಅದಕ್ಕೇ ಬಂದೆ."

ನನ್ನ ಕಣ್ಣು ನೋಡಿಕೊಂಡೇ ಹೇಳಿದರು. ಅಷ್ಟು ಕೇಳಿದ ಮೇಲೂ ನನ್ನ ಮನಸ್ಸು ಕರಗಲಿಲ್ಲ. ಹಟ ಮಾಡಿ, ಅತ್ತು ಕರೆದು, ಒಂದು ತಿಂಗಳು ಮೊದಲೇ ಅವರು ಹೊರಡುವಂತೆ ಗಂಡನಿಂದ ಟಿಕೆಟ್ ಬದಲು ಮಾಡಿಸಿದೆ. ಏರ್‌ಪೋರ್ಟಿನಲ್ಲಿ ಮಗ ಅವರ ಸೂಟ್‌ಕೇಸಿನ ಮೇಲೆ ಕೂತು ಏಳಲೊಲ್ಲ. ಅತ್ತೆ ಕೊನೆಯವರೆಗೂ ಕಟ್ಟಳೆ ಮುರಿಯಲಿಲ್ಲ. ಬಗ್ಗಿ ಸೂಟ್‌ಕೇಸಿಗೆ ಹೇಳಿದರು: "ಊಟ ಸರಿಯಾಗಿ ಮಾಡಪ್ಪಾ. ನಿಮ್ಮಮ್ಮಂಗೆ ಬುದ್ಧಿ ಬರೋವರೆಗೂ ಕುಕ್ಕರ್ ಜೊತೆ ಮಾತಾಡ್ಕೊಂಡಿರು." ನನ್ನ ಕಡೆ ತಿರುಗಿಯೂ ನೋಡದೆ ಒಳಗೆ ಹೋದರು.

ಆಮೇಲೆ ಅವನು ಅಡುಗೆಮನೆಯಲ್ಲೇ ಕೂತ. ಕುಕ್ಕರ್ ಕೂಗಿದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದ. ನಾನು "ಎನಫ್" ಅಂದೆ, "ಸ್ಟಾಪ್" ಅಂದೆ. ಮೂರನೇ ವಾರ ಮತ್ತೆ ಕಿರುಚಿ ನೆಲಕ್ಕೆ ತಲೆ ಚಚ್ಚಿಕೊಂಡ. ಹಣೆ ಒಡೆದು ರಕ್ತ ಬಂತು. ಅವನನ್ನು ಅಪ್ಪಿ ಹಿಡಿದುಕೊಂಡಿದ್ದಾಗ ಹಾಳು ಕುಕ್ಕರ್ ಇನ್ನೊಂದು ಸಲ ಕೂಗಿತು. ನನಗೆ ಎಲ್ಲಿತ್ತೋ ಸಿಟ್ಟು, ಅದರ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದೆ.

"ಸಾಕು! ಬಾಯ್ಮುಚ್ಚೋ ಮುಂಡೇದೇ!"

ಮಗ ಅಳು ನಿಲ್ಲಿಸಿ ನನ್ನ ಬಾಯಿ ನೋಡಿದ. ಆಮೇಲೆ ನಕ್ಕ. "ಚಾಕು," ಅಂದ. ಹಣೆಯ ರಕ್ತ ಒರೆಸುತ್ತಾ ನಾನು ಕುಕ್ಕರಿಗೆ ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ, ಒಂದೂವರೆ ವರ್ಷ ನುಂಗಿಕೊಂಡ ಕನ್ನಡವನ್ನೆಲ್ಲ. ಅಳುತ್ತಾ ಬೈದೆ, ಬೈಯುತ್ತಾ ಅತ್ತುಬಿಟ್ಟೆ. ಅವನು ಮುಚ್ಚಳ ಬಿಟ್ಟು ಕೇಳಿಸಿಕೊಂಡ.

ಆರು ತಿಂಗಳಲ್ಲಿ ಏಳು ಮಾತು ಬಂದವು. ಸಾಕು, ಬಾ, ಬಿಸಿ, ಬೇಡ, ಹೀಗೆ. ಥೆರಪಿಸ್ಟಿನ ಹತ್ತಿರ ಹೋದಾಗ ನಾನು ಅವನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವಳು ಖುಷಿಯಿಂದ ಬರೆದುಕೊಂಡಳು, "ಸೀ ಮಮ್ಮಿ, ಒಂದೇ ಭಾಷೆ ವರ್ಕ್ಸ್ ಲಾ!" ಅಂದಳು. ಹೊರಗೆ ಕೂತಿದ್ದ ತಮಿಳು ತಾಯಿಯೊಬ್ಬಳು, ಮಡಿಲಲ್ಲಿ ಇವನಂಥದೇ ಮಗು, "ಮನೆಯಲ್ಲಿ ಯಾವ ಭಾಷೆ?" ಎಂದು ಕೇಳಿದಳು. ಕನ್ನಡ ಅಂದರೆ ಅತ್ತೆ ಹೇಳಿದ್ದೇ ಸರಿ ಎಂದು ಒಪ್ಪಿಕೊಳ್ಳಬೇಕಾಗುತ್ತದಲ್ಲ, "ಇಂಗ್ಲಿಷ್" ಅಂದೆ. ಆ ಹೆಂಗಸು ಅವತ್ತು ಮನೆಗೆ ಹೋಗಿ ಬಾಯಿಗೆ ಬೀಗ ಹಾಕಿಕೊಂಡಳೇನೋ. ಆ ಸುಳ್ಳಿಗೆ ನನಗೆ ಕ್ಷಮೆಯಿಲ್ಲ.

ಅತ್ತೆ ಫೋನಿನಲ್ಲಿ ವಿಚಾರಿಸುತ್ತಿದ್ದರು. "ಮಾತಾಡ್ತಾನಾ?"

"ಹೂಂ, ಥೆರಪಿ ಚೆನ್ನಾಗಿ ನಡೀತಿದೆ."

ಒಂದು ಸಲ ಹೀಗೆ ಹೇಳುತ್ತಿರುವಾಗಲೇ ಹಿಂದೆ ಕುಕ್ಕರ್ ಕೂಗಿತು, ಮಗ ಮನೆ ಹಾರಿಹೋಗುವ ಹಾಗೆ ಕಿರುಚಿದ: "ಮೂಲು! ಚಾಕು, ಬಾಯ್ಮುಚ್ಚು!" ಅಚ್ಚು ಅವರದೇ ರಾಗ. ಆಮೇಲೆ ಅತ್ತೆ ಹೇಳಿದರು:

"ಕುಕ್ಕರ್‌ನ ನಾನು ವಿಚಾರಿಸ್ದೆ ಅಂತ ಹೇಳು."

ಆಗಲಾದರೂ ನಿಜ ಹೇಳಬಹುದಿತ್ತು. "ಆಯ್ತು ಅತ್ತೆ, ಇಡ್ತೀನಿ," ಅಂದೆ.

ಮಗನಿಗೆ ಏಳು ತುಂಬಿದ ವರ್ಷ ಅತ್ತೆ ಹೋದರು. ಎದೆನೋವು ಅಂದರಂತೆ, ಆಸ್ಪತ್ರೆ ಸೇರುವಷ್ಟರಲ್ಲಿ ಮುಗಿದಿತ್ತು. ನಾವು ಮೈಸೂರಿನಲ್ಲಿ ಅತ್ತೆ ಇದ್ದ ನಾದಿನಿಯ ಮನೆ ತಲುಪಿದಾಗ ಎಲ್ಲ ಆಗಿ ಎರಡು ದಿನ. ಅಕ್ಕಪಕ್ಕದವರು ಊಟ ತಂದುಕೊಡುತ್ತಿದ್ದರು, ಒಲೆ ಹಚ್ಚಿರಲಿಲ್ಲ. ಮಗ ಯಾರನ್ನೂ ನೋಡದೆ ನೆಟ್ಟಗೆ ಅಡುಗೆಮನೆಗೆ ಹೋದ. ಕಟ್ಟೆಯ ಮೇಲೆ ಬೋರಲು ಹಾಕಿದ್ದ ಅತ್ತೆಯ ಹಳೆ ಕುಕ್ಕರನ್ನು ಎಳೆದು ನೆಲಕ್ಕಿಟ್ಟುಕೊಂಡು ಮುಂದೆ ಕೂತ. ಅದು ಕೂಗಲಿಲ್ಲ.

"ಏ ಕುಕ್ಕರ್," ಅಂದ, "ಅಜ್ಜಿ ಎಲ್ಲಿ?"

ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಮತ್ತೆ ಕೇಳಿದ. ಯಾರಾದರೂ ಉತ್ತರ ಕೊಡಬೇಕಿತ್ತು. ನಾನು ಹೋಗಿ ಅವನ ಪಕ್ಕ ನೆಲದ ಮೇಲೆ ಕೂತೆ.

"ಅಜ್ಜಿ ಹೋದ್ರು ಕಣಪ್ಪಾ," ಎಂದು ಕುಕ್ಕರಿಗೆ ಹೇಳಿದೆ. "ಅವರು ಹೇಳಿದ್ದೇ ಸರಿ ಇತ್ತು. ನಾನು ತಪ್ಪು ಮಾಡ್ದೆ."

ಅತ್ತೆ ತಮ್ಮ ತಪ್ಪನ್ನು ನನ್ನ ಕಣ್ಣು ನೋಡಿಕೊಂಡು ಹೇಳಿದ್ದರು. ನನಗೆ ಮೂರು ವರ್ಷ ಬೇಕಾಯಿತು, ಹೇಳಿದ್ದೂ ಕುಕ್ಕರಿಗೆ.